ಅಜ್ಜಿಯ ಎಕ್ಸ್‌ರೇ ಹೇಳೋ ಇನ್ನೊಂದು ಮಾತು

ದೇವದುರ್ಗದ ಒಂದು ಮನೆ ಅಂದ್ಕೊಳ್ಳಿ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು, ಸೊಂಟದ ಎಲುಬು ಮುರೀತು. ರಾಯಚೂರಿಗೆ ಕರ್ಕೊಂಡು ಬಂದು ಆಪರೇಷನ್ ಮಾಡಿಸಿದ್ರಿ. ಎಕ್ಸ್‌ರೇ ಕವರ್ ಬೀರು ಸೇರ್ತು. ಅಲ್ಲಿಗೆ ಮುಗೀತಾ? ಇಲ್ಲ.

ವಯಸ್ಸಾದವರು ನಿಂತಲ್ಲೇ ಬಿದ್ದು ಸೊಂಟ ಮುರ್ಕೊಂಡ್ರೆ, ಎಲುಬು ಮೊದಲೇ ಟೊಳ್ಳಾಗಿತ್ತು ಅಂತ ಅನುಮಾನಿಸಬೇಕು. ಇದೇ ಆಸ್ಟಿಯೊಪೊರೋಸಿಸ್. ಸರಿಯಾಗಿ ಅಳೆಯೋದು ಡೆಕ್ಸಾ ಸ್ಕ್ಯಾನ್. ಆದ್ರೆ ದೇವದುರ್ಗ, ಮಾನ್ವಿಯಿಂದ ಅದಕ್ಕೆಂದೇ ಮತ್ತೆ ಓಡಾಡೋದು ಎಲ್ಲರಿಗೂ ಆಗಲ್ಲ.

ಕೈಯಲ್ಲಿರೋ ಎಕ್ಸ್‌ರೇಯಿಂದಲೂ ಸುಳಿವು ಸಿಗುತ್ತೆ. 1970ರಲ್ಲಿ ಡಾ. ಮನಮೋಹನ್ ಸಿಂಗ್ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದ್ರು. ಮಾಜಿ ಪ್ರಧಾನಿ ಅಲ್ಲ, ಅದೇ ಹೆಸರಿನ ವೈದ್ಯರು! ಮುರಿಯದ ಕಡೆಯ ತೊಡೆ ಎಲುಬಿನ ಮೇಲ್ತುದಿಯಲ್ಲಿ ಬಲೆಯಂಥ ಗೆರೆಗಳು ಕಾಣ್ತವೆ. ಎಲ್ಲಾ ಗೆರೆ ಇದ್ರೆ 6ನೇ ದರ್ಜೆ. ಎಲುಬು ಸವೆದಂತೆ ಗೆರೆಗಳು ಒಂದೊಂದಾಗಿ ಅಳಿಸಿಹೋಗ್ತವೆ. 3 ಅಥವಾ ಅದಕ್ಕಿಂತ ಕೆಳಗೆ ಇಳಿದ್ರೆ ಎಚ್ಚರಿಕೆ.

ಆದ್ರೆ ಇದು ಕಣ್ಣಂದಾಜು. ಒಬ್ಬ ಡಾಕ್ಟರಿಗೆ 4 ಅನಿಸಿದ್ದು ಇನ್ನೊಬ್ಬರಿಗೆ 3 ಅನಿಸಬಹುದು. ಗೆರೆ ಚೆನ್ನಾಗಿ ಕಂಡ್ರೂ ಕಾಯಿಲೆ ಇಲ್ಲ ಅನ್ನೋ ಹಾಗಿಲ್ಲ.

ಅದಕ್ಕೇ ಡಿಸ್ಚಾರ್ಜ್ ದಿನ ಒಂದು ಪ್ರಶ್ನೆ ಮರೀಬೇಡಿ: “ಡಾಕ್ಟ್ರೇ, ಅಜ್ಜಿಗೆ ಎಲುಬು ಸವೆತದ ಚಿಕಿತ್ಸೆ ಬೇಕಾ?” ರಾಡ್ ಹಾಕಿರೋದು ಮುರಿದ ಕಡೆಗೆ ಮಾತ್ರ. ಇನ್ನೊಂದು ಕಡೆ ಇರೋದೂ ಅದೇ ಸವೆದ ಎಲುಬು. ಮನೆಗೆ ಹೋದ ಮೇಲೆ ಬಚ್ಚಲಿಗೆ ಒಂದು ಹಿಡಿಕೆನೂ ಹಾಕಿಸಿ.