ರಾಹುಕಾಲದ ದೀಪ, ಎಚ್.ಎನ್. ಪ್ರಶ್ನೆ



ಜಯನಗರದಲ್ಲಿ ನಿಂತು ನಂಬಿಕೆಯ ಬಗ್ಗೆ ಮಾತಾಡುವವರು ವಿಚಾರವಾದಿ ಎಚ್. ನರಸಿಂಹಯ್ಯನವರ, ಅಂದರೆ ಎಚ್.ಎನ್. ಅವರ, ಹೆಸರೆತ್ತದೆ ವೇದಿಕೆ ಇಳಿಯುವಂತಿಲ್ಲ. ಖಾದಿ ಪಂಚೆ, ಗಾಂಧಿ ಟೋಪಿ, ಹಾಸ್ಟೆಲಿನ ಕೋಣೆಯಲ್ಲಿ ವಾಸ. ಡಾಕ್ಟರೇಟ್ ಪಡೆದದ್ದು ಮಾತ್ರ ಅಮೆರಿಕದ ಓಹಾಯೋದಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಸಿಗಲಿಲ್ಲ. ಆ ಜಗಳ ಊರಿಗೆಲ್ಲ ನೆನಪಿದೆ. ಅದೇ ಮನುಷ್ಯ ಸಂಗೀತಕ್ಕೆ ವೇದಿಕೆಯಾದ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು ಎನ್ನುವುದು ಅಷ್ಟಾಗಿ ನೆನಪಿಲ್ಲ. ರಾಮ, ಕೃಷ್ಣ, ಅಂಬೆಯರನ್ನು ತೆಗೆದುಬಿಟ್ಟರೆ ನಮ್ಮ ಸಂಗೀತ ಕಚೇರಿಯಲ್ಲಿ ಹಾಡಲು ಉಳಿಯುವುದೆಷ್ಟು, ನೀವೇ ಹೇಳಿ!

ಇಲ್ಲಿಂದ ಕನಕಪುರ ರಸ್ತೆಗೆ ಹೋದರೆ ಬನಶಂಕರಿ ದೇವಸ್ಥಾನ. ರಾಹುಕಾಲವೆಂದರೆ ಊರವರು ಹೊಸಿಲು ದಾಟಲು ಹಿಂಜರಿಯುತ್ತಾರೆ. ಅಲ್ಲಿ ರಾಹುಕಾಲಕ್ಕೇ ಪೂಜೆ, ನಿಂಬೆಹಣ್ಣಿನ ದೀಪ. ವಿಚಾರವಾದಿ ಇದನ್ನು ಮೂಢನಂಬಿಕೆ ಎಂದು ತಳ್ಳಿಬಿಡಬಹುದು. ನನಗೆ ಬೇರೆಯೇ ಕಾಣುತ್ತದೆ. ಹೆದರಿಸುವ ಗಳಿಗೆಯನ್ನು ಹಿಡಿದು ತಂದು ಅಮ್ಮನ ಎದುರು ನಿಲ್ಲಿಸಿದ ಭಕ್ತರು ಪಂಚಾಂಗವನ್ನು ಹರಿಯಲಿಲ್ಲ, ಅದಕ್ಕೆ ಬಗ್ಗಲೂ ಇಲ್ಲ.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಮುಗಿಬಿತ್ತು. ಪೊಲೀಸರ ಬಟ್ಟೆಯನ್ನೇ ಕಳಚಿತು. ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಇದನ್ನಿಟ್ಟುಕೊಂಡು ಯು.ಆರ್. ಅನಂತಮೂರ್ತಿ 'ಬೆತ್ತಲೆ ಪೂಜೆ ಯಾಕೆ ಕೂಡದು' ಬರೆದರು. ಓದಿಕೊಂಡ ನಾವು ಯಾವ ಅಧಿಕಾರದಿಂದ ಹಳ್ಳಿಯ ಭಕ್ತೆಯನ್ನು ತಿದ್ದಲು ಹೊರಡುತ್ತೇವೆ ಎಂಬ ಕಸಿವಿಸಿ ಅದು. ಆ ಸೇವೆ ನಿಲ್ಲಲೇಬೇಕಿತ್ತು ಎನ್ನುವವನು ನಾನು. ಬೆತ್ತಲಾಗಬೇಕಾಗಿದ್ದವರು ಬಡ ಹೆಣ್ಣುಮಕ್ಕಳು, ಅವರ ಫೋಟೋ ತೆಗೆಯಲು ನಿಂತವರು ಬೇರೆಯವರು. ಹಾಗಿದ್ದೂ ಆ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ.

ಅನಂತಮೂರ್ತಿಯವರ ಅದೇ ಹೆಸರಿನ ಪುಸ್ತಕದಲ್ಲಿ ಬಾಲ್ಯದ ಒಂದು ನೆನಪಿದೆ. ದೇವರ ಕಲ್ಲಿನ ಮೇಲೆ ಉಚ್ಚೆ ಹೊಯ್ದು, ಏನಾದರೂ ಆಗುತ್ತದೋ ಎಂದು ಪರೀಕ್ಷಿಸಿದ ಹುಡುಗನ ನೆನಪು. 2014ರಲ್ಲಿ ಬೆಂಗಳೂರಿನ ಒಂದು ಸಭೆಯಲ್ಲಿ, ಮೂಢನಂಬಿಕೆ ವಿರೋಧಿ ಮಸೂದೆಯ ಚರ್ಚೆಯ ನಡುವೆ ಎಂ.ಎಂ. ಕಲಬುರ್ಗಿ ಅದನ್ನು ಉಲ್ಲೇಖಿಸಿದರು. ಟಿವಿಗೆ ಅಷ್ಟೇ ಸಾಕಾಯಿತು. ಪ್ರತಿಭಟನೆಗಳಾದವು, ದೂರುಗಳು ದಾಖಲಾದವು. ವಚನಗಳ ಸಂಪಾದನೆಗೆ ಆಯುಷ್ಯ ಸವೆಸಿದ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಕಲ್ಲನ್ನು ಪರೀಕ್ಷಿಸಿದ ಹುಡುಗ, ಭಕ್ತೆಯ ಮುಂದೆ ತಡವರಿಸಿದ ಲೇಖಕ, ಇಬ್ಬರೂ ಒಬ್ಬರೇ ಎಂಬುದನ್ನು ಕೇಳುವ ವ್ಯವಧಾನ ಭಕ್ತರ, ವಿಚಾರವಾದಿಗಳ ಎರಡೂ ಪಾಳಯಗಳಿಗೆ ಇರಲಿಲ್ಲ.

ಕೊನೆಗೆ ಕಾನೂನು ಬಂತು. 2017ರಲ್ಲಿ ಅಂಗೀಕಾರ, 2020ರಲ್ಲಿ ಜಾರಿ. ಎಂಜಲೆಲೆಯ ಮೇಲೆ ಉರುಳುವುದು ಈಗ ಅಪರಾಧ. ಜ್ಯೋತಿಷ, ವಾಸ್ತುಗಳನ್ನು ಅದು ಮುಟ್ಟಿಲ್ಲ. ಎಚ್.ಎನ್. ಇದ್ದಿದ್ದರೆ ಇಷ್ಟಕ್ಕೆ ಸುಮ್ಮನಾಗುತ್ತಿರಲಿಲ್ಲ. ಮನುಷ್ಯರ ಮೈಗೆ, ಮಾನಕ್ಕೆ ಪೆಟ್ಟು ಬೀಳುವಲ್ಲಿ ಗೆರೆ ಎಳೆದದ್ದು ಸರಿ ಎಂದು ನನ್ನ ಎಣಿಕೆ. ಒಪ್ಪದವರು ಇಲ್ಲೇ ಇದ್ದೀರಿ, ಪ್ರಶ್ನೋತ್ತರಕ್ಕೆ ಅರ್ಧ ಗಂಟೆಯಿದೆ. ಮೊದಲ ಪ್ರಶ್ನೆ ಬನಶಂಕರಿಗೆ ದೀಪ ಹಚ್ಚಿ ಬಂದವರಿಂದಲೇ ಬರಲಿ.