ಮನೆಯ ಸಮುದ್ರಕ್ಕೆ ಪಾಚಿ ಕಟ್ಟಿದಾಗ
(ಮಹಿಳಾ ವೇದಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಸಾಫ್ಟ್‌ವೇರ್‌ನವಳು, ಓದಿದ್ದು ಎಂ.ಟೆಕ್. ಆದರೂ ಇವತ್ತು ಮಾತಾಡಬೇಕಿರುವುದು ಪಾಚಿಯ ಬಗ್ಗೆ. ಕಂಪ್ಯೂಟರ್ ವಿಷಯ ಬಿಟ್ಟು ಇದೇನು ಅಂತ ನಗಬೇಡಿ. ನನಗೆ ಕೋಡ್‌ಗಿಂತ ಹೆಚ್ಚು ಪಾಠ ಕಲಿಸಿದ್ದು ಪಾಚಿಯೇ.

ನಮ್ಮ ಮನೆ ಹೌಜ್ ಖಾಸ್‌ನಲ್ಲಿ, ಮೂರನೇ ಮಹಡಿ. ಹಾಲ್‌ನಲ್ಲಿ 120 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಮಗಳಿಗೆ ಕ್ಲೌನ್ ಮೀನು ಬೇಕಿತ್ತು, ನಮ್ಮತ್ತೆಯವರಿಗೆ ಕಾರವಾರದ ಸಮುದ್ರ ನೆನಪಾಗುತ್ತಿತ್ತು. ಇಬ್ಬರ ನೆಪದಲ್ಲಿ ನನ್ನ ಆಸೆಯೂ ತೀರಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಸಮುದ್ರದ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಯಾರಾದರೂ ಕೊಟ್ಟರೂ ಕೊಳ್ಳಬೇಡಿ. ಕ್ಲೌನ್ ಮೀನನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದ್ದಾರೆ. ಹಾಗೆ ಸಾಕಿದ ಮರಿಯನ್ನೇ ಕೇಳಿ ತನ್ನಿ.

ಮೊದಲ ತಿಂಗಳು ಮರಳಿನ ಮೇಲೆ ಕಂದು ಧೂಳು ಕೂತಿತು. ಅದು ಡಯಾಟಮ್, ನೀರಿನಲ್ಲಿರುವ ಸಿಲಿಕೇಟ್ ತಿಂದು ಬೆಳೆಯುತ್ತದೆ, ಹೊಸ ತೊಟ್ಟಿಯಲ್ಲಿ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಆಮೇಲೆ ಬಂತು ನೋಡಿ ಹಸಿರು ಕೂದಲಿನಂಥ ಪಾಚಿ. ಭಾನುವಾರ ಕಿತ್ತರೆ ಗುರುವಾರಕ್ಕೆ ಮತ್ತೆ ಹಾಜರ್. ಅತ್ತೆ, "ಮಳೆಗಾಲದ ಅಂಗಳ ಇದ್ದ ಹಾಗಿದೆಯಲ್ಲೇ" ಅಂದರು.

ಸಿಟ್ಟಿನಲ್ಲಿ ಒಂದು ಶುಕ್ರವಾರ ರಾತ್ರಿ ಪಾಚಿ ಕೊಲ್ಲುವ ಔಷಧಿ ಸುರಿದು, ಲೈಟ್ ಆರಿಸಿ ಮಲಗಿದೆ. ಬೆಳಿಗ್ಗೆ ಒಂದು ಮೀನು ಸತ್ತಿತ್ತು, ಇನ್ನೊಂದು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಮಗಳು ಅತ್ತು ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಪಾಚಿಗೆ ಹಾಕಿದ ಔಷಧಿಗೆ ಮೀನು ಯಾಕೆ ಸತ್ತೋಯ್ತು?"

ಉತ್ತರ ಹೇಳಲು ನಾನೇ ಓದಬೇಕಾಯಿತು. ರಾಶಿ ಪಾಚಿ ಒಟ್ಟಿಗೆ ಸತ್ತರೆ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕತ್ತಲಲ್ಲಿ ಬದುಕಿರುವ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ. ಮೀನಿಗೆ ಉಸಿರು ಸಿಗಲಿಲ್ಲ, ಅಷ್ಟೇ.

ಆ ವಾರ ಬೆಳಗಿನ ವಾಕಿಂಗ್‌ಗೆ ನಮ್ಮ ಕೆರೆಯ ಸುತ್ತ ಹೋದಾಗ ನೀರನ್ನು ಬೇರೆ ಕಣ್ಣಿನಿಂದ ನೋಡಿದೆ. ಅಲ್ಲಾವುದ್ದೀನ್ ಖಿಲ್ಜಿ ಸಿರಿ ಪಟ್ಟಣದ ನೀರಿಗಾಗಿ ಕಟ್ಟಿಸಿದ ಕೆರೆ, ಫಿರೋಜ್ ಷಾ ತುಘಲಕ್ ಹೂಳೆತ್ತಿಸಿದ ಕೆರೆ. ಈಚೆಗೆ ಬತ್ತಿಹೋಗಿದ್ದ ಇದಕ್ಕೆ ವಸಂತ್ ಕುಂಜ್‌ನ ಶುದ್ಧೀಕರಣ ಘಟಕದಿಂದ ಸಂಸ್ಕರಿಸಿದ ಕೊಳಚೆ ನೀರು ತಂದು ಜೀವ ಕೊಟ್ಟರು. ಸಂಸ್ಕರಿಸಿದರೂ ಅಂಥ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಉಳಿದಿರುತ್ತದೆ. ನಿಂತ ನೀರು, ದೆಹಲಿಯ ಬಿಸಿಲು, ಜೊತೆಗೆ ಈ ಗೊಬ್ಬರ. ಹಸಿರಾಗದೆ ಇನ್ನೇನಾದೀತು? ದಡದಲ್ಲಿ ಜೌಗು ಸಸ್ಯ ಬೆಳೆಸಿ ನೀರು ತಿಳಿ ಮಾಡುವ ಪ್ರಯತ್ನ ನಡೆದಿರುವುದೂ ಇದೇ ಕಾರಣಕ್ಕೆ. ಬೆಳ್ಳಂದೂರಿನ ನೊರೆ ನೋಡಿದ ಬೆಂಗಳೂರಿನವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಮನೆಗೆ ಬಂದು ಟೆಸ್ಟ್ ಕಿಟ್ ತೆಗೆದೆ. ನೈಟ್ರೇಟ್ 60 ಪಿಪಿಎಂ, ಫಾಸ್ಫೇಟ್ 0.5. ಪ್ರತಿ ವಾರ 12 ಲೀಟರ್ ನೀರು ಬದಲಿಸುತ್ತಿದ್ದೆನಲ್ಲ, ಯಾಕೆ ಇಳಿಯಲಿಲ್ಲ? ಲೆಕ್ಕ ನೋಡಿ. ಹತ್ತರಲ್ಲೊಂದು ಪಾಲು ನೀರು ತೆಗೆದರೆ 60 ಇದ್ದದ್ದು 54 ಆಗುತ್ತದೆ. ವಾರದಲ್ಲಿ ಊಟದಿಂದ ಮತ್ತೆ 6 ಸೇರಿದರೆ 60ಕ್ಕೇ ವಾಪಸ್. ಸೇರುವುದನ್ನು 3ಕ್ಕೆ ಇಳಿಸಿದರೆ ಅದೇ ಬಕೆಟ್, ಅದೇ ಶ್ರಮ, ಆದರೆ ತೊಟ್ಟಿ ನಿಧಾನವಾಗಿ 30ರ ಕಡೆಗೆ ಬರುತ್ತದೆ. ಪಾಚಿ ಕೀಳುವುದರಲ್ಲಿ ನನ್ನ ಭಾನುವಾರಗಳೆಲ್ಲ ಹೋಗಿದ್ದವು. ಒಳಗೆ ಏನು ಹೋಗುತ್ತಿದೆ ಅಂತ ನೋಡಿಯೇ ಇರಲಿಲ್ಲ.

ಒಳಗೆ ಹೋಗುತ್ತಿದ್ದದ್ದು ಎರಡು. ಒಂದು, ನೀರು. ಉಪ್ಪು ಬೆರೆಸಲು ಅಡುಗೆಮನೆಯ ಆರ್‌ಓ ನೀರನ್ನೇ ಹಿಡಿಯುತ್ತಿದ್ದೆ. ಕುಡಿಯಲು ರುಚಿ ಇರಲಿ ಅಂತ ಅದರಲ್ಲಿ ಸ್ವಲ್ಪ ಹಸಿ ನೀರು ಬೆರೆಯುತ್ತದೆ. ನಮ್ಮದರ ಟಿಡಿಎಸ್ 80 ಇತ್ತು. ಈ ತೊಟ್ಟಿಗೆ ಸೊನ್ನೆ ಬೇಕು. ಬೇರೆ ಸಣ್ಣ ಆರ್‌ಓ ಜೊತೆಗೆ ಡಿಐ ರೆಸಿನ್ ಹಾಕಿಸಿದೆ.

ಎರಡನೆಯದು ಅತ್ತೆಯವರ ಪ್ರೀತಿ. ನಾನು ಆಫೀಸಿನಲ್ಲಿದ್ದಾಗ ದಿನಕ್ಕೆ ನಾಲ್ಕು ಸಲ ಊಟ! "ಗಾಜಿನ ಹತ್ತಿರ ಬಂದು ನನ್ನನ್ನೇ ನೋಡ್ತವೆ ಕಣೇ, ಹಸಿವಾಗಿರಲ್ವಾ?" ಅವರಿಗೆ ಏನಂತ ಹೇಳಲಿ? ಇಡೀ ದಿನ ಆ ಮನೆಯಲ್ಲಿ ಅವರನ್ನು ಕಂಡು ಓಡಿ ಬರುವುದು ಆ ಮೀನೊಂದೇ. ಕೊನೆಗೆ ಅವರ ಬಿಪಿ ಮಾತ್ರೆಯ ಡಬ್ಬಿಯಂಥದ್ದೇ ಇನ್ನೊಂದು ತಂದೆ, ಸೋಮವಾರದಿಂದ ಭಾನುವಾರದವರೆಗೆ ಏಳು ಖಾನೆ. ಪ್ರತಿ ಖಾನೆಗೂ ಒಂದು ದಿನದ ಚಿಟಿಕೆ ಹಾಕಿ ಅವರ ಕೈಗೇ ಕೊಟ್ಟೆ. ಈಗ ತಮ್ಮ ಮಾತ್ರೆ ಮರೆತರೂ ಮೀನಿನದು ಮರೆಯುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಲೈಟ್ 12 ಗಂಟೆಯಿಂದ 8ಕ್ಕೆ ಇಳಿಸಿದೆ. ಪಾಚಿ ಮೇಯುವ ಟರ್ಬೊ ಬಸವನಹುಳು ಮೂರು ಬಿಟ್ಟೆ. ತೊಟ್ಟಿಯ ಹಿಂಭಾಗದ ಸಣ್ಣ ಖಾನೆಯಲ್ಲಿ ಕೀಟೋಮಾರ್ಫಾ ಎಂಬ ಒಳ್ಳೆಯ ಪಾಚಿ ಬೆಳೆಸುತ್ತೇನೆ, ಅದಕ್ಕೆ ರಾತ್ರಿ ಬೇರೆ ದೀಪ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕಿತ್ತೆಸೆದರೆ ಅದು ಹೀರಿಕೊಂಡ ಗೊಬ್ಬರವೂ ಹೊರಗೆ ಹೋದಂತೆ.

ಆದರೆ ಅವಸರ ಬೇಡ. ಕಲ್ಲುಗಳು ಫಾಸ್ಫೇಟ್ ಹೀರಿಟ್ಟುಕೊಂಡಿರುತ್ತವೆ, ನೀರು ತಿಳಿಯಾದಂತೆ ಮೆಲ್ಲಗೆ ಬಿಟ್ಟುಕೊಡುತ್ತವೆ. ನಮಗೆ ಐದು ತಿಂಗಳು ಹಿಡಿಯಿತು. ಹಾಗಂತ ಎಲ್ಲವನ್ನೂ ಸೊನ್ನೆಗೆ ಇಳಿಸಲೂ ಹೋಗಬೇಡಿ. ಪೈಪೋಟಿಗೆ ಯಾರೂ ಇಲ್ಲದಾಗ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಬರಬಹುದು, ಅದರ ಕಾಟ ಕೂದಲು ಪಾಚಿಗಿಂತ ಹೆಚ್ಚು. ಈಗ ನಮ್ಮಲ್ಲಿ ನೈಟ್ರೇಟ್ 10, ಫಾಸ್ಫೇಟ್ 0.05. ಪಂಪಿನ ಹಿಂದೆ ಒಂದು ಬೆರಳಗಲ ಪಾಚಿ ಇನ್ನೂ ಇದೆ. ಇರಲಿ ಬಿಟ್ಟಿದ್ದೇನೆ.

ಹೊಸ ಮೀನು ಯಾವಾಗ ಅಂತ ಮಗಳು ಕೇಳುತ್ತಲೇ ಇದ್ದಾಳೆ. ದೀಪಾವಳಿಗೆ ಅಂದಿದ್ದೇನೆ. ಅತ್ತೆ ಆಗಲೇ ಡಬ್ಬಿಯಲ್ಲಿ ಎಷ್ಟು ಹೆಚ್ಚಿಗೆ ಹಾಕಬೇಕು ಅಂತ ವಿಚಾರಿಸಿದ್ದಾರೆ.

ಟಿಡಿಎಸ್ ಮೀಟರ್ ತಂದಿದ್ದೇನೆ. ನಿಮ್ಮ ನೀರಿನ ಬಾಟಲಿ ಕೊಡಿ, ಕಾಫಿ ಬರುವಷ್ಟರಲ್ಲಿ ಯಾರ ಮನೆಯ ನೀರು ಹೇಗಿದೆ ನೋಡಿಬಿಡೋಣ.