ಮೀನೂ ಉಳಿಯಲಿ, ನೀರುಕಾಗೆಯೂ ಉಳಿಯಲಿ

ಗ್ರೇಟರ್ ನೋಯ್ಡಾದ ಸೂರಜ್‌ಪುರ ಜೌಗುಪ್ರದೇಶದಲ್ಲಿ ನೀರುಕಾಗೆ ರೆಕ್ಕೆ ಒಣಗಿಸುವುದನ್ನು ನೀವು ನೋಡಿರಬಹುದು. ನಮಗದು ಚೆಂದ, ಕೊಳದಲ್ಲಿ ಮೀನುಮರಿ ಸಾಕಿದವರಿಗೆ ನಷ್ಟ.

ಹಾಗೆಂದು ಗುಂಡು ಹಾರಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿಷವಿಡುವುದು, ಉರುಳೊಡ್ಡುವುದು, ಗೂಡು ಕೆದಕುವುದು ಎಲ್ಲವೂ ಬೇಟೆಯೇ. ಎರಡನೇ ಅನುಸೂಚಿಯ ಹಕ್ಕಿಯಿಂದ ಆಸ್ತಿಗೆ ಅಪಾಯವೆಂದು ಮನವರಿಕೆಯಾದರೆ, 11ನೇ ಕಲಮಿನಡಿ ಕಾರಣ ಬರೆದು ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್ ಅವರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಉಂಟು, ಕೊಳದ ಮಾಲೀಕರಿಗಿಲ್ಲ.

ಅದು ಕೊನೆಯ ದಾರಿಯಾಗಲಿ. ಮೊದಲು ಮರಿಕೊಳದ ಮೇಲೆ ಕಣ್ಣಿಗೆ ಕಾಣುವ ಬಲೆಯನ್ನು ಬಿಗಿಯಾಗಿ ಕಟ್ಟಲಿ. ಸಡಿಲ ನೈಲಾನ್ ಬಲೆಯೇ ಹಕ್ಕಿಗೆ ಉರುಳಾದೀತು. ಬಲೆಯ ಖರ್ಚಿಗೆ ಸರ್ಕಾರವೂ ಕೈಜೋಡಿಸಬೇಕು. ಹಕ್ಕಿ ಎಲ್ಲರದು, ನಷ್ಟ ಒಬ್ಬರದೇ ಆಗುವುದು ನ್ಯಾಯವೇ? ನೀವೇ ಹೇಳಿ.